ಸಬೇಲಾ ಅವರ ಕಿಟಕಿದೀಪ

ಸಮಾಮಿಶ್
ಏಪ್ರಿಲ್ ೧೪, ೨೦೨೫

ನಮ್ಮನೆಯವರಿಗೆ,

ವಿಜಯಶ್ರೀ ಮಾಡುವ ನಮಸ್ಕಾರ. ಮೇಲಿನ ಒಂದು ಪದ ಬರೆಯುವುದಕ್ಕೇ ಎರಡು ಹಾಳೆ ಹರಿದು ಹಾಕಿದೆ. ಮದುವೆಯಾದಂದಿನಿಂದ ನಿಮ್ಮನ್ನು ಹೆಸರು ಹಿಡಿದು ಕರೆದವಳಲ್ಲ. "ರೀ" ಅಂದರೆ ಸಾಕಿತ್ತು, ಮನೆಯ ಯಾವ ಮೂಲೆಯಲ್ಲಿದ್ದರೂ ತಿರುಗುತ್ತಿದ್ದಿರಿ. ಕಾಗದದಲ್ಲಿ "ರೀ" ಅಂತ ಬರೆದರೆ ಸೊಪ್ಪಿನವನನ್ನು ನಿಲ್ಲಿಸಿದ ಹಾಗಿರುತ್ತದೆ. ನೀವು ಈಗ ಮುಕ್ಕಾಲು ಗಂಟೆ ದಾರಿಯ ಕೆಂಟ್‌ನಲ್ಲಿದ್ದೀರಿ, ನಾನು ಇಲ್ಲಿದ್ದೇನೆ. ಆದರೂ ನಮ್ಮನೆಯವರು ಅನ್ನುವುದಕ್ಕೆ ಬದಲು ಮಾತು ನನಗೆ ಸಿಗಲಿಲ್ಲ.

ನಿಮ್ಮ ಮೆಸೇಜು ಬಂದು ವಾರ ಕಳೆಯಿತು. "ಲೀಸ್ ರಿನ್ಯೂ ಮಾಡ್ಲಾ, ಬೇಡ್ವಾ? ತಿಂಗಳ ಕೊನೇಲಿ ಹೇಳ್ಬೇಕು." ಅಷ್ಟೇ. ವಿಮಾನದ ರೆಕ್ಕೆಗೆ ಹಾಕುವ ಒಂದು ಬೋಲ್ಟಿನ ಬಗ್ಗೆ ನೀವು ಇದಕ್ಕಿಂತ ಹೆಚ್ಚು ಮಾತಾಡುತ್ತೀರಿ. ಇನ್ನೊಂದು ವರ್ಷ ಆ ಅಪಾರ್ಟ್‌ಮೆಂಟಿನಲ್ಲೇ ಇರುತ್ತೀರೋ ಮನೆಗೆ ವಾಪಸು ಬರುತ್ತೀರೋ ಅನ್ನುವುದನ್ನು ನನ್ನ ಬಾಯಿಂದ ಹೇಳಿಸುವ ಉಪಾಯ ಅದು ಅಂತ ನನಗೂ ಗೊತ್ತು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದರಲ್ಲಿ ನಿಮ್ಮನ್ನು ಮೀರಿಸುವವರಿಲ್ಲ. ನಾನೂ ಏನು ಕಡಿಮೆಯಿಲ್ಲ ಬಿಡಿ, ಹೆಬ್ಬೆಟ್ಟಿನ ಗುರುತು ಒತ್ತಿ ಸುಮ್ಮನಾದೆ.

ಈಗ ಉತ್ತರ ಬರೆಯಲು ಕೂತಿದ್ದೇನೆ. ಆದರೆ ಅದಕ್ಕೆ ಮೊದಲು ಸಬೇಲಾ ಅವರ ವಿಷಯ ಹೇಳಬೇಕು. ಶನಿವಾರ ನಮ್ಮ ಕನ್ನಡ ಕೂಟದಲ್ಲಿ ಅವರ ನಾಟಕ ಆಡಿದೆವು. ನೀವು ಬಂದಿರಲಿಲ್ಲ ಅಂತ ಎಲ್ಲರೂ ಹೇಳಿದರು. ಹಾಗಾಗಿ ಮೊದಲಿನಿಂದ ಬರೆಯುತ್ತೇನೆ.

ನಮ್ಮ ಬೀದಿಯ ಕೊನೆಯಲ್ಲಿ, ಸೀಡರ್ ಮರದ ಕೆಳಗೆ, ಪಾಚಿ ಕಟ್ಟಿದ ಚಾವಣಿಯ ಸಣ್ಣ ಮನೆಯಿದೆಯಲ್ಲ. "ಆ ಅಜ್ಜಿ ಕಸದ ಬಿನ್ ಒಳಗೆ ತಗೊಳ್ಳೋದೇ ಇಲ್ಲ" ಅಂತ ನೀವು ಪ್ರತಿ ಗುರುವಾರ ಗೊಣಗುತ್ತಿದ್ದಿರಿ. ಅದೇ ಅಜ್ಜಿ ಸಬೇಲಾ ಸೌತೊ. ಅವರು ಬಿನ್ ಒಳಗೆ ತಗೊಳ್ಳದೆ ಇದ್ದದ್ದು ಸೋಮಾರಿತನದಿಂದಲ್ಲ, ಅದು ಅವರಿಗೆ ಕಾಣುತ್ತಿರಲಿಲ್ಲ. ಕಣ್ಣಿನ ಒಳಗಿನ ಪರದೆ ಸವೆದುಹೋಗಿದೆಯಂತೆ. ಬೆಳಕು ಎಲ್ಲಿದೆ, ಎಲ್ಲಿಲ್ಲ ಅನ್ನುವುದು ತಿಳಿಯುತ್ತದೆ, ಎದುರಿಗಿರುವ ಮುಖ ತಿಳಿಯುವುದಿಲ್ಲ. ನೀವು ಹೋದ ಮೇಲೆ ಒಂದು ಗುರುವಾರ ನಮ್ಮ ಬಿನ್ ಜೊತೆಗೆ ಅವರದನ್ನೂ ಎಳೆದು ಒಳಗೆ ಬಿಡುತ್ತಿದ್ದೆ. ಬಾಗಿಲಿಗೆ ಬಂದು, ಬಿನ್ ಕದಿಯುವ ಕಳ್ಳಿಯನ್ನು ಇದೇ ಮೊದಲು ನೋಡುತ್ತಿರುವುದು, ನೋಡುವುದು ಅಂದರೆ ಕೇಳುವುದು, ಅಂದರು. ಅಲ್ಲಿಂದ ಶುರು.

ಈ ಗುಡ್ಡದ ಮೇಲೆ ಕಾರು ಓಡಿಸುವುದನ್ನು ಬಿಟ್ಟವರಿಗೆ ಕಾಲೂ ಇಲ್ಲದ ಹಾಗೆ. ಶನಿವಾರಗಳಲ್ಲಿ ನಾನು ದಿನಸಿಗೆ ಹೋಗುವಾಗ ಅವರನ್ನೂ ಕರೆದುಕೊಂಡು ಹೋಗತೊಡಗಿದೆ. ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಒಬ್ಬರು ಕೂತು ಮಾತಾಡುವುದು ಹೇಗಿರುತ್ತದೆ ಅನ್ನುವುದೇ ನನಗೆ ಮರೆತುಹೋಗಿತ್ತು. ನಾವಿಬ್ಬರು ಮೇಲಿನ ರೂಮಿನಿಂದ ಕೆಳಗಿನ ರೂಮಿಗೆ "ಅನ್ನ ಆಯ್ತು" ಅಂತ ವಾಟ್ಸಾಪ್ ಕಳಿಸಿಕೊಂಡು ಬದುಕುತ್ತಿದ್ದವರು ತಾನೇ. ಮಗಳು ಸ್ಪಂದನಾ ಕಾಲೇಜಿಗೆ ಹೊರಟ ದಿನ ಮನೆಯ ಮಾತನ್ನೆಲ್ಲ ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗಿಬಿಟ್ಟಳು ಅನ್ನಿಸುತ್ತದೆ.

ಸಬೇಲಾ ಸ್ಪೇನ್ ದೇಶದವರು. ಸ್ಪೇನ್ ಅಂದರೆ ಬಿಸಿಲು, ಗೂಳಿ ಅಂತ ನಾನು ಏನೋ ಅಂದೆ. ಅವರಿಗೆ ಕೋಪವೇ ಬಂತು. ಅವರದು ವಾಯವ್ಯದ ಮೂಲೆಯ ಗಲೀಸಿಯಾ ಅನ್ನುವ ಸೀಮೆ. ಅಲ್ಲಿ ಸಿಯಾಟಲ್‌ಗಿಂತ ಹೆಚ್ಚು ಮಳೆಯಂತೆ, ಭಾಷೆಯೂ ಬೇರೆಯಂತೆ. ಅಪ್ಪನಿಗೆ ಸಾರ್ಡೀನ್ ಮೀನು ಹಿಡಿಯುವ ದೋಣಿ, ಅಮ್ಮನಿಗೆ ಬಲೆ ಹೊಲಿಯುವ ಕೆಲಸ. ಚಂದ್ರನಿಲ್ಲದ ದಿನಗಳಲ್ಲಿ ಅಲ್ಲಿನ ಸಮುದ್ರ ತಾನೇ ಬೆಳಗುತ್ತದೆ. ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿರುತ್ತವೆ. ಮೀನಿನ ಹಿಂಡು ಅವನ್ನು ತಾಗಿಕೊಂಡು ಹೋದಾಗ ನೀಲಿ ಬೆಳಕು ಚೆಲ್ಲುತ್ತವೆ. ಆ ಬೆಳಕಿನ ಜಾಡು ಹಿಡಿದು ಅಪ್ಪ ಬಲೆ ಬೀಸುತ್ತಿದ್ದ. ಅದಕ್ಕೆ ಅವರ ಮಾತಿನಲ್ಲಿ ಅರ್ದೋರಾ ಅಂತ ಹೆಸರು. ಅಪ್ಪನ ಭುಜದ ಮೇಲೆ ಕೂತು ದಡದಿಂದ ಅದನ್ನು ನೋಡಿದ್ದು ಅವರ ಮೊದಲ ನೆನಪು.

ಅಪ್ಪ ದೋಣಿಯಲ್ಲಿದ್ದಷ್ಟು ಹೊತ್ತೂ ಅಮ್ಮ ಕಿಟಕಿಯಲ್ಲಿ ಒಂದು ಸೀಮೆಎಣ್ಣೆ ದೀಪ ಇಡುತ್ತಿದ್ದಳಂತೆ. ಒಂದು ಚಳಿಗಾಲದಲ್ಲಿ ದೋಣಿ ಬರಲಿಲ್ಲ. ಚಳಿಗಾಲ ಪೂರ್ತಿ ಅಮ್ಮ ದೀಪ ಹಚ್ಚಿದಳು. ವಸಂತದಲ್ಲಿ ಅಪ್ಪನ ದೋಣಿಯ ಹೆಸರಿದ್ದ ಹಲಗೆಯೊಂದು ದಡಕ್ಕೆ ಬಂತು. ಆ ಸಂಜೆ ಅಮ್ಮ ದೀಪವನ್ನು ಮುಖದ ಹತ್ತಿರ ತಂದು, ಉಫ್ ಅಂತ ಊದಿ ಆರಿಸಿ, ಮಕ್ಕಳನ್ನು ಊಟಕ್ಕೆ ಕೂರಿಸಿದಳಂತೆ. ಸೂಪಿಗೆ ಉಪ್ಪು ಜಾಸ್ತಿಯಾಗಿತ್ತು, ಯಾರೂ ಹೇಳಲಿಲ್ಲ ಅಂದರು ಸಬೇಲಾ. ಟ್ರಾಫಿಕ್ ಲೈಟಿನಲ್ಲಿ ನಿಂತಿದ್ದೆವು. ಹಸಿರು ಬಂದದ್ದು ನನಗೆ ಗೊತ್ತಾಗಲಿಲ್ಲ, ಹಿಂದಿನವರು ಹಾರ್ನ್ ಮಾಡಿದರು.

ಆ ಹುಡುಗಿ ದೊಡ್ಡವಳಾಗಿ ಎರಡು ಕೆಲಸ ಹಿಡಿದಳು. ಒಂದು, ಸಮುದ್ರದ ಬೆಳಕನ್ನು ಓದುವುದು. ಇನ್ನೊಂದು, ಅಮ್ಮನ ದೀಪವನ್ನು ಬರೆಯುವುದು. ಯೂನಿವರ್ಸಿಟಿಯಲ್ಲಿ ವಿಜ್ಞಾನ ಕಲಿತರು. ಹೆಂಗಸು ಹತ್ತಿದರೆ ಹಡಗಿಗೆ ಅಪಶಕುನ ಅಂತ ಸಂಶೋಧನೆಯ ಹಡಗಿಗೆ ಹತ್ತಿಸಲಿಲ್ಲವಂತೆ, ಅವರು ಬಂಡೆಗಳ ಮೇಲೆ ಕೂತು ಹಗ್ಗಕ್ಕೆ ಸೀಸೆ ಕಟ್ಟಿ ನೀರು ತುಂಬಿಸಿಕೊಂಡು ಬಂದರು. ನಮ್ಮಲ್ಲಿ ಮಾತ್ರ ಇಂಥ ಶಕುನ ಅಂದುಕೊಂಡಿದ್ದೆ ನಾನು, ಕೇಳಿ ಸ್ವಲ್ಪ ಸಮಾಧಾನವೇ ಆಯಿತು ಅಂದರೆ ತಪ್ಪು ತಿಳಿಯಬೇಡಿ. ರಜೆಯಲ್ಲಿ ಊರಿಗೆ ಹೋದಾಗ ನಾಟಕ ಬರೆದು, ಮೀನು ಡಬ್ಬಿಗೆ ತುಂಬುವ ಹೆಂಗಸರಿಗೆ ಕಲಿಸಿ, ಬಲೆ ಒಣಗಿಸುವ ಕೊಟ್ಟಿಗೆಯಲ್ಲಿ ಆಡಿಸಿದರು. ಸರ್ವಾಧಿಕಾರಿಯ ಕಾಲ ಅದು. ಮೊದಲ ದಿನ ಬಂದ ಪೊಲೀಸು ಅಧಿಕಾರಿ ನಾಟಕ ನೋಡಿ ಅತ್ತನಂತೆ. ಮಾರನೆಯ ದಿನ, ಊರ ಭಾಷೆಯಲ್ಲಿ ಆಡಿದ್ದೀರಿ ಅಂತ ಬೀಗ ಹಾಕಿಸಿದನಂತೆ. ಅತ್ತ ಕಣ್ಣು ಅವನದು, ಬೀಗ ಸರ್ಕಾರದ್ದು ಅಂತ ಸಬೇಲಾ ಈಗಲೂ ನಗುತ್ತಾರೆ.

ವಿಜ್ಞಾನದವರು ಇವಳು ನಾಟಕದವಳು ಅಂದರು, ನಾಟಕದವರು ಇವಳು ಸೀಸೆ ಅಲ್ಲಾಡಿಸುವವಳು ಅಂದರು. ನಮ್ಮಲ್ಲಿ ಎರಡು ದೋಣಿಯ ಮೇಲೆ ಕಾಲಿಟ್ಟವರು ಮುಳುಗುತ್ತಾರೆ ಅನ್ನುತ್ತೇವೆ ಅಂತ ನಾನು ಹೇಳಿದೆ. ಅದಕ್ಕೆ ಅವರು, ನಿಮ್ಮವರಿಗೆ ದೋಣಿ ಗೊತ್ತಿಲ್ಲ, ಎರಡನ್ನೂ ಸೇರಿಸಿ ಕಟ್ಟಿದರೆ ಬಿರುಗಾಳಿಗೂ ಮಗುಚುವುದಿಲ್ಲ ಅಂದರು. ಮಂಡ್ಯದವಳಾದ ನಾನು ದೋಣಿಯ ವಿಷಯದಲ್ಲಿ ಏನು ವಾದ ಮಾಡಲಿ.

ಸಿಯಾಟಲ್‌ಗೆ ಅವರು ಬಂದದ್ದು ಎರಡು ವರ್ಷದ ಸಂಶೋಧನೆಗೆ. ಇಲ್ಲಿನ ಕೊಲ್ಲಿಯ ನೀರೂ ಬೇಸಿಗೆಯಲ್ಲಿ ಹಾಗೇ ಬೆಳಗುತ್ತದಂತೆ, ಇಷ್ಟು ವರ್ಷ ಇದ್ದೂ ನಾವು ನೋಡಲಿಲ್ಲ. ಆ ಜೀವಿಗಳನ್ನು ಕತ್ತಲೆಯ ಬೀರುವಿನಲ್ಲಿ ಇಟ್ಟರೂ ಹಗಲು ಯಾವುದು, ರಾತ್ರಿ ಯಾವುದು ಅನ್ನುವುದು ಅವಕ್ಕೆ ಗೊತ್ತಿರುತ್ತದೆ. ಹಗಲಿನಲ್ಲಿ ಎಷ್ಟು ಅಲ್ಲಾಡಿಸಿದರೂ ಬೆಳಗುವುದಿಲ್ಲ. ತಮ್ಮ ಹೊತ್ತು ಬಂದಾಗ, ಅದೂ ಏನಾದರೂ ಬಂದು ತಾಗಿದಾಗ, ಒಂದು ಕ್ಷಣ ಬೆಳಗುತ್ತವೆ. ಅವರ ಆಯುಷ್ಯವೆಲ್ಲ ಅದನ್ನು ಅಳೆಯುವುದರಲ್ಲೇ ಹೋಯಿತು. ನಾಟಕವನ್ನೆಲ್ಲ ಬರೆದದ್ದು ಫೆರ್ರಿಯಲ್ಲಿ. ಭಾನುವಾರ ಕಾರಿಲ್ಲದೆ ಹತ್ತಿ, ಆ ದಡಕ್ಕೆ ಹೋಗಿ ಈ ದಡಕ್ಕೆ ಬರುವುದರೊಳಗೆ ಒಂದು ದೃಶ್ಯ. ಪ್ರಯೋಗಶಾಲೆಯಲ್ಲಿ ಕಣ್ಣಿಗೆ ಕೆಲಸ, ಫೆರ್ರಿಯಲ್ಲಿ ಕಿವಿಗೆ ಕೆಲಸ ಅನ್ನುತ್ತಾರೆ.

ಊರಿನಲ್ಲಿ ಒಬ್ಬ ಬಡಗಿ ಇದ್ದ, ಆಂಶೊ ಅಂತ. ಕೊಟ್ಟಿಗೆಯ ನಾಟಕಕ್ಕೆ ಕಿಟಕಿ ಮಾಡಿಕೊಟ್ಟವನು, ದೀಪ ನೋಡಿಕೊಳ್ಳುತ್ತಿದ್ದವನು. ಎರಡು ವರ್ಷದ ಮೇಲೆ ಅವನು ಕಾಗದ ಬರೆದು, ಬರುತ್ತೀಯಾ ಅಂತ ಕೇಳಿದ. ಇವರು ತುಂಬ ಪ್ರೀತಿಯಿಂದ ಉದ್ದನೆಯ ಉತ್ತರ ಬರೆದರು. ಅದರಲ್ಲಿ ಸೀಸೆಯ ವಿಷಯ ಇತ್ತು, ಮಳೆಯ ವಿಷಯ ಇತ್ತು, ಸಾಲ್ಮನ್ ಮೀನಿನ ವಿಷಯ ಇತ್ತು. ಬರುತ್ತೇನೋ ಇಲ್ಲವೋ ಅನ್ನುವುದು ಇರಲಿಲ್ಲ. ಅವನು ಮತ್ತೆ ಕೇಳಿದ. ಇವರು ಮತ್ತೆ ಪ್ಲಾಂಕ್ಟನ್ ಬಗ್ಗೆ, ಅದೇ ಆ ಬೆಳಗುವ ಜೀವಿಗಳ ಬಗ್ಗೆ ಬರೆದರು. ಕೆಲವು ವರ್ಷದ ಮೇಲೆ ಅವನ ಕಾಗದದಲ್ಲಿ ಆ ಪ್ರಶ್ನೆ ಇರಲಿಲ್ಲ, ರೊಟ್ಟಿ ಅಂಗಡಿಯ ವಿಧವೆಯನ್ನು ಮದುವೆಯಾದ ಸುದ್ದಿ ಇತ್ತು. ಅವನು ಕೇಳುವುದನ್ನು ನಿಲ್ಲಿಸಿದ ದಿನ ನನಗೆ ಉತ್ತರ ಗೊತ್ತಾಯಿತು ಅಂದರು ಸಬೇಲಾ. ಹೇಳುವಾಗ ಅವರ ಕೈ ಬ್ಯಾಗಿನಲ್ಲಿ ಏನೋ ಹುಡುಕುತ್ತಿತ್ತು. ಹುಡುಕುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

ಅವರ ನಾಟಕಗಳಲ್ಲಿ ಒಂದನ್ನು ಅವರೇ ಇಂಗ್ಲಿಷಿಗೆ ಮಾಡಿದ್ದರು. ಕಣ್ಣು ಹೋದ ಮೇಲೆ ಅದನ್ನು ಯಾರೂ ಓದಿ ಹೇಳಿರಲಿಲ್ಲ. ನಾನು ಓದಿದೆ. ಅದೇ ಕಥೆ, ಕಿಟಕಿ, ತಾಯಿ, ದೀಪ. ಓದುತ್ತಾ ಓದುತ್ತಾ ತಾಯಿಯ ಮಾತುಗಳು ನನ್ನ ಬಾಯಲ್ಲಿ ಕನ್ನಡವಾಗಿಬಿಟ್ಟವು. ನಿಲ್ಲಿಸಬೇಡ, ಅರ್ಥವಾಗದಿದ್ದರೂ ಅಮ್ಮನೇ ಮಾತಾಡಿದ ಹಾಗಿದೆ ಅಂದರು. ಹೀಗೆ ಅನುವಾದ ಆಯಿತು. ನಿಮಗೆ ಹೇಳಬೇಕು ಅಂತ ಎಷ್ಟೋ ಸಲ ಫೋನ್ ಎತ್ತಿಕೊಂಡಿದ್ದೆ.

ಕೂಟದಲ್ಲಿ ಓದಿದಾಗ ನಮ್ಮ ಅಧ್ಯಕ್ಷರು ಸುಬ್ಬಣ್ಣನವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ, "ಚೆನ್ನಾಗೇನೋ ಇದೆಯಮ್ಮ, ಆದ್ರೆ ಯುಗಾದಿ ಪ್ರೋಗ್ರಾಮ್‌ನಲ್ಲಿ ಗಂಡ ಸಾಯೋದಾ? ಕೊನೇಲಿ ವಾಪಸ್ ಬಂದ್ಬಿಡ್ಲಿ, ಏನಾಗತ್ತೆ?" ಅಂದರು. ಸಬೇಲಾಗೆ ಹೇಳಿದೆ. ಸಮುದ್ರವೂ ಅವರನ್ನು ಒಂದು ಮಾತು ಕೇಳಿದ್ದರೆ ಚೆನ್ನಾಗಿತ್ತು ಅಂತ ಆ ಮಹನೀಯರಿಗೆ ತಿಳಿಸು ಅಂದರು. ಕೊನೆ ಬದಲಾಯಿಸಲು ಬಿಲ್‌ಕುಲ್ ಒಪ್ಪಲಿಲ್ಲ. ತಾಯಿ ದೀಪ ಊದಬೇಕು, ಜನ ತಮ್ಮ ಉಸಿರು ತಮಗೇ ಕೇಳುವಷ್ಟು ಹೊತ್ತು ಕತ್ತಲೆಯಲ್ಲಿ ಕೂರಬೇಕು. ಅಷ್ಟೂ ಆಗದಿದ್ದರೆ ನಾಟಕವೇ ಬೇಡ ಅಂದರು. ನಾನು ಮಾತು ಕೊಟ್ಟೆ.

ತಾಯಿಯ ಪಾತ್ರ ಪೂರ್ಣಿಮಾಗೆ. ಸ್ಕೂಲಿನ ಹಾಲ್‌ನಲ್ಲಿ ಬೆಂಕಿ ಹಚ್ಚುವ ಹಾಗಿಲ್ಲ, ಆರತಿಗೇ ಒಪ್ಪದವರು ಸೀಮೆಎಣ್ಣೆ ದೀಪಕ್ಕೆ ಒಪ್ಪುತ್ತಾರೆಯೇ. ಬ್ಯಾಟರಿಯ ಲಾಟೀನು ತಂದೆವು. ಊದಿದ ಕೂಡಲೇ ಪರದೆಯ ಹಿಂದಿನಿಂದ ಅನುಷಾ ರಿಮೋಟ್ ಒತ್ತಬೇಕು. ನಾಟಕಕ್ಕೆ ಒಂದು ವಾರ ಇರುವಾಗ ಪೂರ್ಣಿಮಾಗೆ ಆಫೀಸಿನವರು ಟೆಕ್ಸಸ್‌ಗೆ ಹೋಗು ಅಂದರು. ಮಾತುಗಳೆಲ್ಲ ಬಾಯಿಗೆ ಬರುತ್ತಿದ್ದವಳು ಇನ್ನೊಬ್ಬಳು ಯಾರಿದ್ದಾಳೆ? ಪರದೆಯ ಹಿಂದೆ ನಿಂತು ಪ್ರಾಂಪ್ಟ್ ಮಾಡುತ್ತೇನೆ ಅಂತ ಸ್ಪಂದನಾಗೆ ಹೇಳಿದ್ದೆ, ಅವಳು ನಿಮಗೂ ಹಾಗೇ ಹೇಳಿರುತ್ತಾಳೆ. ಮುಚ್ಚಿಟ್ಟು ಏನು ಪ್ರಯೋಜನ, ಆ ಪಾತ್ರ ಮಾಡಿದವಳು ನಾನೇ.

ಒಂದು ವಿಷಯ ನನಗೆ ಹೊಳೆದಿರಲೇ ಇಲ್ಲ. ರಿಹರ್ಸಲ್ ಎಲ್ಲ ಸುಬ್ಬಣ್ಣನವರ ಗ್ಯಾರೇಜಿನಲ್ಲಿ ನಡೆಯಿತು. ಕೊನೆಗೆ ಬಂದಾಗ ನಾನು, "ಇಲ್ಲಿ ಊದ್ತೀನಿ" ಅನ್ನುತ್ತಿದ್ದೆ, ಅನುಷಾ "ಇಲ್ಲಿ ಆಫ್ ಮಾಡ್ತೀನಿ" ಅನ್ನುತ್ತಿದ್ದಳು, ಎಲ್ಲರೂ ಕಾಫಿಗೆ ಏಳುತ್ತಿದ್ದರು. ಒಂದು ಸಲವೂ ನಾನು ನಿಜವಾಗಿ ಊದಲಿಲ್ಲ. ಯೋಚಿಸಿ ನೋಡಿ, ಹುಟ್ಟಿದಾಗಿನಿಂದ ನಾನು ದೀಪ ಊದಿದವಳೇ ಅಲ್ಲ. ನಮ್ಮಮ್ಮ ಆರಿಸು ಅನ್ನುವ ಮಾತನ್ನೂ ಆಡುತ್ತಿರಲಿಲ್ಲ, ಶಾಂತ ಮಾಡು ಅನ್ನುತ್ತಿದ್ದಳು. ಅದೂ ಹೂವಿನ ಎಸಳಿನಿಂದ, ಮನೆಯವರೆಲ್ಲ ಒಳಗೆ ಬಂದ ಮೇಲೆ. ಸ್ಪಂದನಾಳ ಐದನೇ ಬರ್ತ್‌ಡೇ ನೆನಪಿದೆಯಾ? ನಿಮ್ಮಮ್ಮ ಮಂಡ್ಯದಿಂದ ಬಂದಿದ್ದರು. ಮಗು ಕೇಕಿನ ಮೇಲಿನ ಕ್ಯಾಂಡಲ್ ಊದಲು ಬಗ್ಗಿದರೆ ಅತ್ತೆಯವರು ಕೇಕನ್ನೇ ಎತ್ತಿಕೊಂಡು ಅಡುಗೆಮನೆಗೆ ನಡೆದುಬಿಟ್ಟರು. "ಹುಟ್ಟಿದ ದಿನ ದೀಪ ಊದಿಸ್ತೀರಲ್ರೋ, ಬುದ್ಧಿ ಐತಾ ನಿಮ್ಗೆ" ಅಂತ. ಕ್ಯಾಂಡಲ್ಲು ತಾನಾಗಿ ಕರಗುವ ತನಕ ಹದಿನೈದು ಮಕ್ಕಳು ತಟ್ಟೆ ಹಿಡಿದು ಕಾದವು, ಕೇಕಿನ ಮೇಲೆಲ್ಲ ಮೇಣ. ಆವತ್ತು ನಾವಿಬ್ಬರು ಫ್ರಿಜ್ಜಿನ ಹಿಂದೆ ನಿಂತು ಎಷ್ಟು ನಕ್ಕೆವು.

ಯುಗಾದಿ ಆಗಿ ಎರಡು ವಾರಕ್ಕೆ ನಮ್ಮ ಕೂಟದ ಯುಗಾದಿ, ಹಾಲ್ ಸಿಕ್ಕಿದ ದಿನವೇ ಹಬ್ಬ. ಶನಿವಾರ ಮಧ್ಯಾಹ್ನ ಬೇವುಬೆಲ್ಲ ಆಯಿತು, ಮಕ್ಕಳ ಡ್ಯಾನ್ಸ್ ಆಯಿತು, ಸ್ಪೀಕರು ಎರಡು ಸಲ ಕೈಕೊಟ್ಟಿತು. ಸಬೇಲಾ ಮುಂದಿನ ಸಾಲಿನಲ್ಲಿ ಕೂತಿದ್ದರು, ನನ್ನ ಮೈಸೂರು ಸಿಲ್ಕ್ ಸೀರೆಯನ್ನು ಶಾಲಿನ ಹಾಗೆ ಹೊದ್ದುಕೊಂಡು. ನಾಟಕ ಶುರುವಾಯಿತು. ನಾನು ಬಲೆ ಹೊಲಿದೆ, ಮಕ್ಕಳನ್ನು ಗದರಿಸಿದೆ, ಚಳಿಗಾಲ ಕಳೆದೆ. ಜನ ಕೆಮ್ಮುವುದನ್ನೂ ಬಿಟ್ಟಿದ್ದರು. ದಡಕ್ಕೆ ಬಂದ ಹಲಗೆ ತಂದುಕೊಟ್ಟರು. ನಾನು ಲಾಟೀನು ಎತ್ತಿ ಮುಖದ ಹತ್ತಿರ ತಂದೆ. ಉಸಿರು ಎಳೆದುಕೊಂಡೆ.

ಊದಲು ಆಗಲಿಲ್ಲ.

ಅದು ಬ್ಯಾಟರಿಯದು ಅಂತ ನನಗೆ ಗೊತ್ತಿತ್ತು. ಊದಿದರೂ ಆರುವುದಿಲ್ಲ, ಅನುಷಾ ಒತ್ತಿದರೆ ಮಾತ್ರ ಆರುತ್ತದೆ ಅಂತ ಗೊತ್ತಿತ್ತು. ಇನ್ನೊಬ್ಬರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ, ಸಾಫ್ಟ್‌ವೇರಿನಲ್ಲಿ ಒಂದು ಅಲ್ಪವಿರಾಮ ತಪ್ಪಿದರೂ ಬಿಡುವವಳಲ್ಲ. ಅಷ್ಟೂ ಜನರ ಎದುರಿಗೆ, ಆ ಮುದುಕಿಗೆ ಕೊಟ್ಟ ಮಾತಿನ ಎದುರಿಗೆ, ನನ್ನ ತುಟಿ ಮುಂದೆ ಬರಲಿಲ್ಲ. ಎಳೆದ ಉಸಿರನ್ನು ಪಕ್ಕಕ್ಕೆ ಬಿಟ್ಟೆ. ಲಾಟೀನನ್ನು ಮತ್ತೆ ಕಿಟಕಿಯಲ್ಲಿಟ್ಟೆ, ಮೊದಲಿದ್ದದ್ದಕ್ಕಿಂತ ಸ್ವಲ್ಪ ಮುಂದಕ್ಕೆ. ಅದರ ಪಕ್ಕ ಕೂತುಕೊಂಡೆ. ಅನುಷಾ ರಿಮೋಟ್ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು, ಒತ್ತಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಸುಬ್ಬಣ್ಣನವರು ಪರದೆ ಎಳೆಸಿದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾಟಕ ಹಾಗೇ ಇರುವುದು ಅಂದುಕೊಂಡಿದ್ದರು ಪಾಪ. ಸುಬ್ಬಣ್ಣನವರಂತೂ ತಮ್ಮ ಮಾತೇ ಗೆದ್ದಿತು ಅಂತ ಎರಡು ಹೋಳಿಗೆ ಜಾಸ್ತಿ ತಿಂದರು.

ನನಗೆ ಸಬೇಲಾ ಅವರ ಮುಖ ನೋಡುವ ಧೈರ್ಯ ಇರಲಿಲ್ಲ. ಅವರಿಗೆ ನನ್ನ ಮುಖ ಕಾಣುವುದಿಲ್ಲ ಅನ್ನುವುದೇ ಒಂದು ಪುಣ್ಯ ಅಂದುಕೊಂಡು ಕಾರಿಗೆ ಕೂರಿಸಿದೆ. ಹೊರಗೆ ಜಿನುಗುತ್ತಿತ್ತು. ಮನೆಯ ತಿರುವಿನಲ್ಲಿ ನಾನೇ ಬಾಯಿ ಬಿಟ್ಟೆ. ಕ್ಷಮಿಸಿ, ನಿಮ್ಮ ಅಮ್ಮನ ನಾಟಕ ಹಾಳು ಮಾಡಿದೆ ಅಂದೆ. ಅತ್ತೇಬಿಟ್ಟೆ, ಸ್ಟೇರಿಂಗ್ ಹಿಡಿದುಕೊಂಡೇ.

ಹೌದು, ಹಾಳು ಮಾಡಿದೆ ಅಂದರು. ಯಾರನ್ನು ನೋಡಿದೆ ಅಂತ ಕೇಳಿದರು. ಯಾರನ್ನೂ ಇಲ್ಲ ಅಂದೆ. ನನಗೆ ಹೋಗಿರುವುದು ಕಣ್ಣು, ಕಿವಿಯಲ್ಲ. ನೀನು ಉಸಿರು ಎಳೆದದ್ದು ಕೇಳಿಸಿತು, ಅದು ಬೇರೆ ಕಡೆಗೆ ಹೋದದ್ದೂ ಕೇಳಿಸಿತು ಅಂದರು. ಆಮೇಲೆ ನನ್ನ ಕೈಮೇಲೆ ಕೈಯಿಟ್ಟು ನಿಧಾನವಾಗಿ ಹೇಳಿದರು: ನಾಟಕ ಪೂರ್ತಿ ನೀವೆಲ್ಲ ನನಗೆ ಬರೀ ಮಂಜು. ಕೊನೆಯ ಕತ್ತಲೆಗೆ ಕಾದೆ. ಕತ್ತಲೆ ನನ್ನ ಹತ್ತಿರ ಬೇಕಾದಷ್ಟಿದೆ, ಅದನ್ನು ನೋಡಲು ನಾಟಕ ಯಾಕೆ ಬೇಕು. ದೀಪ ಹಾಗೇ ಉಳಿಯಿತು. ಸಣ್ಣದು, ಹಳದಿ, ಎಡಕ್ಕೆ. ಈ ಕಣ್ಣಿನಿಂದ ನನ್ನ ನಾಟಕದ ಕೊನೆ ನನಗೆ ಕಂಡದ್ದು ಇವತ್ತೇ.

ಅವರು ಅಷ್ಟಕ್ಕೇ ಬಿಡಲಿಲ್ಲ. ಅಮ್ಮ ಊದಿದಳು, ಯಾಕೆಂದರೆ ಹಲಗೆ ದಡಕ್ಕೆ ಬಂದಿತ್ತು, ಅವಳಿಗೆ ಗೊತ್ತಾಗಿತ್ತು. ನಿನಗೆ ಏನು ಗೊತ್ತಾಗಿದೆ? ಗೊತ್ತಿಲ್ಲದೆ ದೀಪ ಊದುವುದು ವಿಜ್ಞಾನವಲ್ಲ. ನಿನ್ನ ಗಂಡ ಸಮುದ್ರದ ಪಾಲಾಗಿಲ್ಲ, ಕೆಂಟ್‌ನಲ್ಲಿದ್ದಾರೆ ಅಂದರು. ಅಳುವಿನ ಮಧ್ಯೆಯೇ ನಗು ಬಂತು. ಅವರಿಗೆ ನಾನು ನಿಮ್ಮ ವಿಷಯದ ನಿಜ ಹೇಳಿರಲೇ ಇಲ್ಲ. ಆಫೀಸು ಹತ್ತಿರ ಅಂತ ಕೆಂಟ್‌ನಲ್ಲಿ ರೂಮು ಮಾಡಿದ್ದಾರೆ, ಟ್ರಾಫಿಕ್ ಜಾಸ್ತಿ ನೋಡಿ ಅಂತ ಕೂಟದವರಿಗೆಲ್ಲ ಹೇಳಿದ ಸುಳ್ಳನ್ನೇ ಹೇಳಿದ್ದೆ. ಈಗ ನೋಡಿದರೆ ಕೂಟದವರೂ ನಂಬಿಲ್ಲ.

ನೀವು ಕೇಳಿದ ಪ್ರಶ್ನೆ ಏನು ಅನ್ನುವುದನ್ನು ಅವರಿಗೆ ಹೇಳಿದೆ. ಮೆಸೇಜು ಬೇಡ, ಕೈಯಲ್ಲಿ ಬರೆ. ಉತ್ತರವನ್ನು ಮೊದಲ ಸಾಲಿನಲ್ಲಿ ಬರೆ, ಪ್ಲಾಂಕ್ಟನ್ ವಿಷಯವನ್ನು ಆಮೇಲೆ ಬರೆ ಅಂದರು. ನಾನು ಏನು ಮಾಡಿದ್ದೇನೆ ಅಂತ ನೀವೇ ನೋಡುತ್ತಿದ್ದೀರಿ. ಇಷ್ಟುದ್ದ ಪ್ಲಾಂಕ್ಟನ್ನೇ ಬರೆದಿದ್ದೇನೆ.

ನೀವು ಹೊರಟ ದಿನ ಆಡಿದ ಮಾತು ನನಗೆ ನೆನಪಿದೆ. ನೀವು ಡಿಶ್‌ವಾಷರಿಗೆ ಪಾತ್ರೆ ಜೋಡಿಸಿದಿರಿ, ನಾನು ಎಂದಿನ ಹಾಗೆ ಎಲ್ಲ ತೆಗೆದು ಮತ್ತೆ ಜೋಡಿಸಿದೆ. "ನಾನಿಟ್ಟಿದ್ದೊಂದೂ ಈ ಮನೇಲಿ ಇಟ್ಟ ಕಡೆ ಇರಲ್ಲ ವಿಜಯಾ, ನಾನೂ ಇರಲ್ಲ ಬಿಡು" ಅಂದಿರಿ. ಅಷ್ಟು ಸಣ್ಣದಕ್ಕೆ ಯಾರಾದರೂ ಮನೆ ಬಿಡುತ್ತಾರಾ ಅಂತ ತಿಂಗಳುಗಟ್ಟಲೆ ಉರಿದೆ. ಅದು ಸಣ್ಣದಲ್ಲ ಅಂತ ಈಗ ಅನ್ನಿಸುತ್ತಿದೆ. ಖಾಲಿ ಮನೆಯಲ್ಲಿ ನಾನಿಟ್ಟದ್ದೆಲ್ಲ ಇಟ್ಟಲ್ಲೇ ಇರುತ್ತದೆ, ಲೋಟ ಸಹ ಅಲ್ಲಾಡುವುದಿಲ್ಲ. ಇದಕ್ಕಿಂತ ಬೇಜಾರಿನ ಅಚ್ಚುಕಟ್ಟು ನಾನು ನೋಡಿಲ್ಲ.

ಊಟ ಸರಿಯಾಗಿ ಮಾಡುತ್ತಿದ್ದೀರಿ ತಾನೇ. ಕೂಟದ ಹೋಳಿಗೆ ಎತ್ತಿಟ್ಟಿದ್ದೇನೆ, ಫ್ರೀಜರಿನಲ್ಲಿದೆ. ನಿಮ್ಮ ಮೊಣಕಾಲಿಗೆ ಈ ಥಂಡಿ ಆಗುವುದಿಲ್ಲ, ಹೀಟರ್ ಹಾಕಿಕೊಳ್ಳಿ. ಉತ್ತರ ಇನ್ನೂ ಬರೆದಿಲ್ಲ ಅಂತ ಗೊತ್ತು. ಮೊದಲು ಸಹಿ ಮಾಡಿಬಿಡುತ್ತೇನೆ. ಸಹಿ ಮಾಡಿದ ಮೇಲೆ ಕೆಲವು ಸಲ ಧೈರ್ಯ ಬರುತ್ತದೆ.

ಇತಿ, ಬೇರೆ ಯಾರ ಮನೆಯವಳೂ ಅಲ್ಲದ,
ವಿಜಯಾ

ಮರೆತ ಮಾತು: ಸಬೇಲಾ ಅವರಿಗೆ ಯಾರನ್ನೂ ನೋಡಲಿಲ್ಲ ಅಂತ ಸುಳ್ಳು ಹೇಳಿದೆ, ನಿಮಗೆ ಹೇಳುವುದಿಲ್ಲ. ಲಾಟೀನು ಎತ್ತಿ ಉಸಿರು ಎಳೆದುಕೊಂಡಾಗ ಹಾಲ್‌ನ ಹಿಂದಿನ ಬಾಗಿಲು ತೆರೆಯಿತು. ಹೊರಗಿನ ಬೆಳಕಿಗೆ ಬೆನ್ನು ಮಾಡಿ ಒಬ್ಬರು ಒಳಗೆ ಬಂದು, ಖಾಲಿ ಕುರ್ಚಿ ಇದ್ದರೂ ಕೂರದೆ, ಕೈ ಹಿಂದಕ್ಕೆ ಕಟ್ಟಿ, ತಲೆ ಒಂದು ಕಡೆ ವಾಲಿಸಿ ಗೋಡೆಯ ಪಕ್ಕ ನಿಂತರು. ಚಪ್ಪಾಳೆ ಮುಗಿಯುವುದರೊಳಗೆ ಹೊರಟುಹೋದರು. ಆ ನಿಲುವು ಈ ಇಡೀ ರಾಜ್ಯದಲ್ಲಿ ಒಬ್ಬರದೇ. ಬಾಗಿಲಿನಲ್ಲಿ ಮನೆಯವರು ನಿಂತಿರುವಾಗ ನಾನು ಹೇಗೆ ದೀಪ ಊದಲಿ?

ಲೀಸ್ ರಿನ್ಯೂ ಮಾಡಬೇಡಿ. ಲಾಟೀನು ಅಡುಗೆಮನೆಯ ಕಿಟಕಿಯಲ್ಲಿದೆ, ಡ್ರೈವ್‌ವೇಗೆ ಕಾಣುವ ಹಾಗೆ ಇಟ್ಟಿದ್ದೇನೆ. ಬೆಳಕು ಸ್ವಲ್ಪ ಮಂಕಾಗಿದೆ, ಬರುವಾಗ ಬ್ಯಾಟರಿ ತನ್ನಿ. ಡಿಶ್‌ವಾಷರ್ ಖಾಲಿ ಮಾಡಿದ್ದೇನೆ. ನಿಮಗೆ ಹೇಗೆ ಬೇಕೋ ಹಾಗೆ ಜೋಡಿಸಿ.